ಪುಂಡಿಕಟ್ಟಿಗೆ, ಸೆಣಬಿನ ದಂಟು: ತೋಟಕ್ಕೂ ಗೋಡೆಗೂ ಹೇಗೆ ಬಳಸುವುದು?

ಎರೆಹೊಲ ಮಸ್ಕಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಸ್ಕಿ ತಾಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಬಂದರೆ ಭತ್ತ, ಬಾರದಿದ್ದರೆ ಜೋಳ, ಹತ್ತಿ, ತೊಗರಿ. ಈ ಸಲ ಹತ್ತಿ ಹೊಲದ ಬದುವಿನ ಗುಂಟ ಪುಂಡಿ ದಟ್ಟವಾಗಿ ಹಾಕಿದ್ದೆವು. ಎಳೆಯದಿದ್ದಾಗ ಅವ್ವ ಪಲ್ಯಕ್ಕೆ ಕಿತ್ತುಕೊಂಡರು, ಓಣಿಗೆಲ್ಲ ಹಂಚಿದರು. ಈಗ ದಂಟು ನನಗಿಂತ ಎತ್ತರ ಬೆಳೆದು ಹೂ ಬಿಟ್ಟು ನಿಂತಿದೆ. ಇನ್ನೊಂದು ಕಡೆ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಚೆಲ್ಲಿದ್ದೆವು. ಮಳೆ ಬಿಡದೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯಲಿಲ್ಲ, ಅದೂ ದಂಟು ಗಟ್ಟಿಯಾಗಿಬಿಟ್ಟಿದೆ.

ಸುಮ್ನೆ ಸುಟ್ಟುಹಾಕಲು ಮನಸ್ಸಿಲ್ಲ. ಹೊರದೇಶಗಳಲ್ಲಿ ಹೆಂಪ್ ಅಂತ ಬೆಳೆದು ಅದರ ದಂಟಿನ ಒಳಗಿನ ಬೆಂಡನ್ನು ಸುಣ್ಣದಲ್ಲಿ ಕಲಸಿ ಗೋಡೆ ಕಟ್ಟುತ್ತಾರೆ, ತೋಟಕ್ಕೆ ಹೊದಿಕೆ ಹಾಕುತ್ತಾರೆ. ವಿಡಿಯೋ ಬಹಳ ನೋಡಿದ್ದೇನೆ. ನನ್ನ ಪ್ರಶ್ನೆ ಮೂರು. ಆ ಹೆಂಪ್ ನಮ್ಮಲ್ಲಿ ಬೆಳೆಯಬಹುದಾ? ಬೆಳೆಯಲು ಆಗದಿದ್ದರೆ ಪುಂಡಿಯಿಂದ, ಸೆಣಬಿನಿಂದ ಅದೇ ಕೆಲಸ ಆಗುತ್ತಾ? ಆಗುವುದಾದರೆ ದಂಟನ್ನು ಹೇಗೆ ಹದ ಮಾಡಬೇಕು?

ಮನೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಹಳೇ ಮೇಲ್ಮುದ್ದೆ (ಮಣ್ಣಿನ ಮಾಳಿಗೆ) ಮನೆ ಏಪ್ರಿಲ್‌ನಲ್ಲೂ ತಣ್ಣಗಿರುತ್ತದೆ. ಪಕ್ಕದಲ್ಲಿ ಸಿಮೆಂಟ್ ಬ್ಲಾಕಿನ ಒಂದು ಕೋಣೆ ಕಟ್ಟಿಸಿದ್ದೇವೆ, ಅದರ ಪಡುವಣ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ಹೊಡೆದರೆ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಲು ಆಗಲ್ಲ. ಅಪ್ಪ ಅಲ್ಲೇ ಮಲಗುವುದು. ಗೋಡೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ. ಅದರ ಹೊರಗೆ ಏನಾದರೂ ಹಾಕಬೇಕು ಅನ್ನುವುದು ನನ್ನ ಆಸೆ. ತಿಳಿದವರು ಹೇಳಿ.

ಕೋಟೆ ಕೆಳಗೆ, ಬಳ್ಳಾರಿ:

ಮೊದಲನೇ ಪ್ರಶ್ನೆಗೆ ಉತ್ತರ: ಕೈ ಹಾಕಬೇಡಿ. ಹೆಂಪ್ ಅಂದರೆ ಗಾಂಜಾ ಗಿಡದ ಜಾತಿಯೇ, ಅಮಲು ತರುವ ಅಂಶ ತೀರಾ ಕಡಿಮೆ ಇರುವ ತಳಿ, ಅಷ್ಟೇ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 14ನೇ ಕಲಮಿನಲ್ಲಿ ನಾರಿಗೆ, ಬೀಜಕ್ಕೆ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅಂತ ಇದೆ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಡಲು ಶುರು ಮಾಡಿತು, ಅಲ್ಲಿ ಗಿಡದಲ್ಲಿ ಟಿಎಚ್‌ಸಿ, ಅಂದರೆ ಆ ಅಮಲಿನ ಅಂಶ, ಶೇಕಡಾ 0.3 ದಾಟಬಾರದು. ಆದರೆ ಅನುಮತಿ ಇಲ್ಲದೆ ಒಂದು ಗಿಡ ಬೆಳೆದರೂ 20ನೇ ಕಲಮಿನ ಕೆಳಗೆ ಕೇಸು. ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಹತ್ತಿ ಸಾಲಿನ ನಡುವೆ ಗಿಡ ಸಿಕ್ಕಿತು ಅಂತ ಹೊಲದ ಮಾಲೀಕರು ಕೋರ್ಟಿಗೆ ಅಲೆಯುವುದನ್ನು ನೋಡಿದ್ದೇನೆ. ಆನ್‌ಲೈನಿನಲ್ಲಿ ಯಾರಾದರೂ "ನಾರಿನ ತಳಿ ಬೀಜ, ಭಯವಿಲ್ಲ" ಅಂತ ಮಾರಿದರೆ ತಗೊಳ್ಳಲೇಬೇಡಿ.

ನಿಮ್ಮ ಪುಂಡಿಗೂ ಸೆಣಬಿಗೂ ಇದು ಯಾವುದೂ ಅನ್ವಯಿಸಲ್ಲ. ಪುಂಡಿ ದಾಸವಾಳದ ಕುಟುಂಬ. ಸೆಣಬು ದ್ವಿದಳ, ಅವರೆ ತೊಗರಿಯ ಬಳಗ. ಒಂದು ಜಾತಿ ಪುಂಡಿಯ ಎಲೆ ಮಾತ್ರ ಕೈಬೆರಳಿನಂತೆ ಸೀಳಿಕೊಂಡು ದೂರದಿಂದ ಗಾಂಜಾ ಎಲೆಯ ಹಾಗೇ ಕಾಣುತ್ತದೆ. ಹೊಸಬರು ಬಂದು ಕೇಳಿದರೆ ಹೂ ತೋರಿಸಿ, ದಾಸವಾಳದ ಹೂವೇ ಅದು.

ಹಗ್ಗದ ಮನೆ, ಮಾನ್ವಿ:

ತಮ್ಮಾ, ಪುಂಡಿ ಹೂ ಬಿಟ್ಟಿದೆ ಅಂದೆಯಲ್ಲ, ಅದೇ ಸರಿಯಾದ ಹೊತ್ತು. ಅರ್ಧ ಗಿಡ ಹೂವಿಗೆ ಬಂದಾಗ ಕೊಯ್ಯಬೇಕು. ಕಾಯಿ ಬಲಿಯಲು ಬಿಟ್ಟರೆ ನಾರು ಒರಟಾಗುತ್ತದೆ, ಬಿಡಿಸುವುದೂ ಕಷ್ಟ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಪುಂಡಿ ನಾರಿನ ಹಗ್ಗ, ಕಣ್ಣಿ ಹೊಸೆಯುತ್ತಿದ್ದರು. ಕಾರಹುಣ್ಣಿಮೆ ಹತ್ತಿರ ಬಂದರೆ ಎತ್ತಿಗೆ ಹೊಸ ಹಗ್ಗ ಬೇಕು ಅಂತ ಜನ ಬಾಗಿಲಿಗೆ ಬರುತ್ತಿದ್ದರು. ಈಗ ಎಲ್ಲ ನೈಲಾನ್. ಎತ್ತಿನ ಕೊರಳು ಗಾಯವಾದರೂ ಅದೇ ಬೇಕು ಅಂತಾರೆ.

ಕೆಲಸ ಹೀಗೆ. ಬುಡಕ್ಕೆ ಕೊಯ್ದು ಎರಡು ಮೂರು ದಿನ ಹೊಲದಲ್ಲೇ ನಿಲ್ಲಿಸಿಡು, ಎಲೆ ತಾನಾಗಿ ಉದುರುತ್ತದೆ. ಆ ಎಲೆ ಹೊಲಕ್ಕೇ ಬೀಳಲಿ, ಗೊಬ್ಬರ. ದಂಟಿನ ಮೇಲೆ ಸಣ್ಣ ಮುಳ್ಳು ಇರುತ್ತದೆ, ಅಂಗೈಗೆ ಹೊಕ್ಕರೆ ದಿನವೆಲ್ಲ ಚುರುಚುರು, ತುಂಬು ತೋಳಿನ ಅಂಗಿ ಹಾಕಿಕೊ. ದಪ್ಪನೆಯದು, ಸಣ್ಣದು ಬೇರೆ ಬೇರೆ ಕಟ್ಟು ಕಟ್ಟು. ಒಟ್ಟಿಗೆ ಹಾಕಿದರೆ ಸಣ್ಣದು ಕೊಳೆತು ಹಾಳಾಗುವ ಹೊತ್ತಿಗೆ ದಪ್ಪನೆಯದು ಇನ್ನೂ ಹಸಿಯಾಗಿರುತ್ತದೆ. ಮೊದಲು ಬುಡ ಮಾತ್ರ ನೀರಿನಲ್ಲಿ ಎರಡು ದಿನ ನಿಲ್ಲಿಸು, ಬುಡ ದಪ್ಪ ಅಲ್ವಾ, ಅದಕ್ಕೆ ಜಾಸ್ತಿ ನೆನೆಯಬೇಕು. ಆಮೇಲೆ ಅಡ್ಡ ಮಲಗಿಸಿ, ಮೇಲೆ ಗೇಣುದ್ದ ನೀರು ನಿಲ್ಲುವಂತೆ ಕಲ್ಲು ಹೇರು. ಮಣ್ಣಿನ ಹೆಂಟೆ ಹೇರಬೇಡ, ನಾರು ಕಪ್ಪಾಗುತ್ತದೆ. ಹಿಂಗಾರಿನಲ್ಲಿ ಹನ್ನೆರಡರಿಂದ ಹದಿನೈದು ದಿನ ಹಿಡಿಯುತ್ತದೆ, ಆದರೆ ಎಂಟನೇ ದಿನದಿಂದ ದಿನಾ ಒಂದು ದಂಟು ತೆಗೆದು ನೋಡು. ಬುಡದ ಕಡೆ ಹೆಬ್ಬೆರಳಿನಿಂದ ಒತ್ತಿ ಜಾರಿಸಿದರೆ ಸಿಪ್ಪೆ ಒಂದೇ ಎಳೆತಕ್ಕೆ ಮೇಲಿನವರೆಗೆ ಬಿಟ್ಟುಕೊಳ್ಳಬೇಕು, ಒಳಗಿನ ಕಡ್ಡಿ ಬೆಳ್ಳಗೆ ನುಣ್ಣಗೆ ಹೊರಗೆ ಬರಬೇಕು. ಅದು ಹದ. ಒಂದು ದಿನ ದಾಟಿದರೂ ನಾರು ಕೈಯಲ್ಲಿ ತುಂಡಾಗುತ್ತದೆ.

ಕಾಲುವೆಯಲ್ಲಿ, ಊರಿನ ಕೆರೆಯಲ್ಲಿ ಮಾತ್ರ ಕೊಳೆಹಾಕಬೇಡ. ನೀರು ಗಬ್ಬು ನಾರುತ್ತದೆ, ಮೀನು ಸಾಯುತ್ತವೆ, ಕೆಳಗಿನವರು ದನಕ್ಕೆ ಅದನ್ನೇ ಕುಡಿಸುತ್ತಾರೆ. ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಟಾರ್ಪಾಲಿನ್ ಹಾಸು. ಕೆಲಸ ಮುಗಿದ ಮೇಲೆ ಆ ನೀರನ್ನು ಬೆಳೆ ಇಲ್ಲದ ಹೊಲಕ್ಕೆ ಬಿಡು, ಪೊಟ್ಯಾಷ್ ಇರುತ್ತದೆ. ಪಶ್ಚಿಮ ಬಂಗಾಳದ ಬ್ಯಾರಕ್‌ಪುರದ ಜ್ಯೂಟ್ (ಗೋಣಿನಾರು) ಸಂಶೋಧನಾ ಕೇಂದ್ರದವರು ಬೇಗ ಕೊಳೆಯಲು ಒಂದು ಸೂಕ್ಷ್ಮಾಣು ಪುಡಿ ಮಾಡಿದ್ದಾರೆ, ಕ್ರೈಜಾಫ್ ಸೋನಾ ಅಂತ. ನಿಂತ ನೀರಿನಲ್ಲೂ ಕೆಲಸ ಮಾಡುತ್ತದೆ. ಗಂಗಾವತಿಯ ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತರಿಸಿಕೊಳ್ಳಲು ನೋಡು. ಹೊರದೇಶದಲ್ಲಿ ಮಾಡುವ ಹಾಗೆ ಇಬ್ಬನಿಗೆ ಹೊಲದಲ್ಲೇ ಹರಡಿ ಕೊಳೆಸುವುದು ನಮ್ಮ ಕಡೆ ನಡೆಯಲ್ಲ. ಅಷ್ಟು ಇಬ್ಬನಿ ಎಲ್ಲಿದೆ, ಒಣಗಿ ಕಟ್ಟಿಗೆಯಾಗುತ್ತದೆ.

ಸೆಣಬಿಗೂ ಇದೇ ಕ್ರಮ, ದಿನ ಮಾತ್ರ ಕಡಿಮೆ. ಒಂದು ಎಚ್ಚರಿಕೆ: ಸೆಣಬಿನ ಬೀಜದಲ್ಲಿ ವಿಷ ಇದೆ. ಕಾಯಿ ಬಲಿತ ದಂಟನ್ನು ದನದ ಮುಂದೆ ಹಾಕಬೇಡ.

ತಾರಸಿ ತೋಟ, ಬಳ್ಳಾರಿ:

ನಾನು ತೋಟದ ಭಾಗ ಹೇಳುತ್ತೇನೆ, ಗೋಡೆ ನನಗೆ ಗೊತ್ತಿಲ್ಲ. ಬಳ್ಳಾರಿ ಬಿಸಿಲಿಗೆ ತಾರಸಿಯ ಕುಂಡ ಮಧ್ಯಾಹ್ನಕ್ಕೇ ಒಣಗಿ ಬಿರಿಯುತ್ತದೆ, ಅದಕ್ಕೆ ಹೊದಿಕೆ ಇಲ್ಲದೆ ಇಲ್ಲಿ ಏನೂ ಬೆಳೆಯಲ್ಲ. ನಾರು ತೆಗೆದ ಪುಂಡಿಕಟ್ಟಿಗೆಯನ್ನು ಬೆರಳಿನ ಅರ್ಧದಷ್ಟು ತುಂಡು ಮಾಡಿ ಎರಡು ಇಂಚು ದಪ್ಪ ಹಾಸಿ. ಹಗುರ, ಗಾಳಿ ಆಡುತ್ತದೆ, ನೀರು ಹೀರಿ ಹಿಡಿದುಕೊಳ್ಳುತ್ತದೆ. ಗಿಡದ ಬುಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಹಸಿ ಕಟ್ಟಿಗೆಯ ಚೂರನ್ನು ಮಣ್ಣಿನ ಒಳಗೆ ಮಾತ್ರ ಬೆರೆಸಬೇಡಿ. ಕಟ್ಟಿಗೆ ಕೊಳೆಯುವಾಗ ಅದನ್ನು ತಿನ್ನುವ ಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಜನ ಆಗ ರೋಗ ಬಂತು ಅಂತ ಔಷಧಿ ಹೊಡೆಯುತ್ತಾರೆ! ಕುಂಡದ ಮಣ್ಣಿಗೆ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಬದಲು ಬೇಕಿದ್ದರೆ ಬೆಂಡಿನ ಚೂರನ್ನು ಸಗಣಿ ನೀರಿನಲ್ಲೋ ಜೀವಾಮೃತದಲ್ಲೋ ನೆನೆಸಿ, ಗುಡ್ಡೆ ಹಾಕಿ, ಮುಚ್ಚಿ, ಬಣ್ಣ ಕಂದಾಗಿ ಮಣ್ಣಿನ ವಾಸನೆ ಬರುವವರೆಗೆ ಬಿಡಿ. ಆಮೇಲೆ ಮೂರರಲ್ಲಿ ಒಂದು ಪಾಲು ಬೆರೆಸಿ.

ಸೆಣಬಿನ ತುದಿ, ಎಲೆ, ಎಳೆ ಭಾಗ ಇದೆಯಲ್ಲ, ಅದು ಬೇರೆಯೇ ವಸ್ತು. ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದಿರುತ್ತವೆ, ಎಲೆ ಬೇಗ ಕರಗುತ್ತದೆ. ಅದನ್ನು ಧಾರಾಳವಾಗಿ ಗೊಬ್ಬರದ ಗುಂಡಿಗೆ ಹಾಕಿ. ಬದನೆ, ಟೊಮೆಟೊ ಬೇರಿಗೆ ಗಂಟು ಹುಳ ಹತ್ತಿದ ಜಾಗದಲ್ಲಿ ಒಂದು ಸಲ ಸೆಣಬು ಬೆಳೆದು ಮಗುಚಿದರೆ ಹುಳದ ಕಾಟ ಇಳಿಯುತ್ತದೆ.

ನಾರನ್ನು ಹುರಿ ಮಾಡಿ ಹೀರೆ, ಹಾಗಲ ಬಳ್ಳಿಗೆ ಕಟ್ಟಿ ಅಣ್ಣಾ. ಪ್ಲಾಸ್ಟಿಕ್ ದಾರ ಬಿಸಿಲಿಗೆ ಕಾದು ಬಳ್ಳಿಯ ಎಳೆ ಕಾಂಡ ಕೊಯ್ಯುತ್ತದೆ. ಪುಂಡಿ ಹುರಿ ಒರಟು, ಬಳ್ಳಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಳೆ ಮುಗಿದ ಮೇಲೆ ಬಳ್ಳಿ ಬಿಡಿಸುವ ಗೋಜೇ ಇಲ್ಲ, ಹುರಿ ಸಮೇತ ಗೊಬ್ಬರಕ್ಕೆ.

ಗೆದ್ದಲು ಬರುತ್ತದೆ, ಅದು ನಿಜ. ನೆಲದ ತೋಟವಾದರೆ ಹೊದಿಕೆ ಕೆಳಗೆ ಬೇವಿನ ಹಿಂಡಿ ಚೆಲ್ಲಿ, ಹೊದಿಕೆ ಒಣಗಲು ಬಿಡದೆ ಆಗಾಗ ನೀರು ಚಿಮುಕಿಸಿ.

ಗಾರೆ ಕೆಲಸ, ಕೊಪ್ಪಳ:

ನಾನು ಸುಣ್ಣದ ಗಾರೆ ಕೆಲಸ ಮಾಡುವವನು, ಹಳೇ ವಾಡೆ, ಗುಡಿ ರಿಪೇರಿಗೆ ಹೋಗುತ್ತೇನೆ. ನಿಮ್ಮ ಅಪ್ಪನ ಕೋಣೆಯ ವಿಷಯ ಓದಿ ಬರೆಯಲೇಬೇಕು ಅನಿಸಿತು, ಯಾಕೆಂದರೆ ನೀವು ಕೇಳಿದ್ದು ಆಗುವ ಕೆಲಸ. ಮನೆ ಪೂರಾ ಇದರಲ್ಲೇ ಕಟ್ಟುತ್ತೇನೆ ಅಂದಿದ್ದರೆ ಬೇಡ ಅನ್ನುತ್ತಿದ್ದೆ.

ನಾರು ಕಲಸಿ ಗಿಲಾವು ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಎಲ್ಲೋರದ ಗುಹೆಗಳ ಗಿಲಾವಿನ ಮಣ್ಣಿನಲ್ಲಿ ಗಾಂಜಾ ಗಿಡದ ಚೂರು ಬೆರೆಸಿದ್ದರು ಅಂತ 2016ರಲ್ಲಿ ಪರೀಕ್ಷೆ ಮಾಡಿದವರು ಪ್ರಕಟಿಸಿದ್ದಾರೆ. ಸಾವಿರ ವರ್ಷ ದಾಟಿದ ಗಿಲಾವು ಅದು. ಹೆಂಪ್ ಬೆಂಡು ಮತ್ತು ಸುಣ್ಣ ಕಲಸಿ ಇಡೀ ಗೋಡೆ ಎರಕ ಹಾಕುವುದು ಶುರುವಾದದ್ದು ಫ್ರಾನ್ಸಿನಲ್ಲಿ, 1980ರ ದಶಕದಲ್ಲಿ. ಅಲ್ಲಿನ ಹಳೇ ಮರದ ಚೌಕಟ್ಟಿನ ಮನೆಗಳ ರಿಪೇರಿಗೆ ಅಂತ ಹುಡುಕಿಕೊಂಡ ದಾರಿ. ಪುಂಡಿಯ ಬೆಂಡನ್ನೂ ಹೀಗೇ ಸುಣ್ಣದಲ್ಲಿ ಪರೀಕ್ಷಿಸಿದ್ದಾರೆ, ಕೆಲಸ ಮಾಡುತ್ತದೆ. ಹೆಂಪ್, ಪುಂಡಿ ಎರಡರ ದಂಟಿನ ರಚನೆಯೂ ಒಂದೇ ತರಹ: ಹೊರಗೆ ಉದ್ದ ನಾರಿನ ಸಿಪ್ಪೆ, ಒಳಗೆ ಹಗುರವಾದ ತೂತು ತೂತಿನ ಕಟ್ಟಿಗೆ. ಆ ತೂತಿನಲ್ಲಿ ನಿಂತ ಗಾಳಿಯೇ ಬಿಸಿ ತಡೆಯುವುದು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇದು ಭಾರ ಹೊರುವ ವಸ್ತು ಅಲ್ಲ. ತೊಲೆ, ಸ್ಲ್ಯಾಬು, ಏನನ್ನೂ ಇದರ ಮೇಲೆ ಕೂರಿಸುವಂತಿಲ್ಲ. ನಿಮಗೆ ಬ್ಲಾಕಿನ ಗೋಡೆ ಇದೆಯಲ್ಲ, ಭಾರ ಅದು ಹೊರುತ್ತದೆ, ಇದು ಬರೀ ಹೊರಗಿನ ಹೊದಿಕೆ.

ಮೊದಲು ಕಟ್ಟಿಗೆ. ಮಾನ್ವಿ ಅಣ್ಣಾವರು ಹೇಳಿದ ಹಾಗೆ ಕೊಳೆಸಿ ನಾರು ಬಿಡಿಸಿದ ಕಟ್ಟಿಗೆಯೇ ಬೇಕು, ಹಸಿ ದಂಟು ಬೇಡ. ಹಸಿ ದಂಟಿನ ಸಕ್ಕರೆ ಅಂಶ ಸುಣ್ಣ, ಸಿಮೆಂಟು ಗಟ್ಟಿಯಾಗಲು ಬಿಡಲ್ಲ. ನೀರಿನಲ್ಲಿ ಕೊಳೆಸಿದರೆ ಅದು ತೊಳೆದುಹೋಗುತ್ತದೆ. ಕಟ್ಟಿಗೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಮುರಿದರೆ ಲಟ್ ಅನ್ನಬೇಕು. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಅರ್ಧದಿಂದ ಒಂದು ಇಂಚಿನ ಚೂರು ಮಾಡಿ. ನಾರು ಉಳಿದಿದ್ದರೆ ಬ್ಲೇಡಿಗೆ ಸುತ್ತಿಕೊಂಡು ಯಂತ್ರ ನಿಂತುಬಿಡುತ್ತದೆ, ಅದಕ್ಕೂ ನಾರು ಮೊದಲೇ ತೆಗೆಯಬೇಕು. ಆಮೇಲೆ ಸಾಣಿಗೆ ಹಿಡಿಯಿರಿ. ಪುಡಿ ಜಾಸ್ತಿ ಇದ್ದರೆ ಸುಣ್ಣವನ್ನೆಲ್ಲ ಅದೇ ಕುಡಿಯುತ್ತದೆ, ಗೋಡೆ ಭಾರವಾಗುತ್ತದೆ. ಪುಡಿ ಆ ಬಳ್ಳಾರಿ ಅಕ್ಕನ ಗೊಬ್ಬರದ ಗುಂಡಿಗೆ ಹೋಗಲಿ.

ಸುಣ್ಣ. ಗೋಡೆಗೆ ಬಳಿಯಲು ಅಂತ ಅಂಗಡಿಯಲ್ಲಿ ಸಿಗುವ ಎಲ್ಲವೂ ಸುಣ್ಣ ಅಲ್ಲ, ಕೆಲವು ಬರೀ ಸೀಮೆಸುಣ್ಣದ ಪುಡಿ. ಸುಟ್ಟ ಸುಣ್ಣದ ಹರಳನ್ನೇ ತಂದು ನೀವೇ ಅರಳಿಸಿದರೆ ಮೋಸ ಇಲ್ಲ: ನೀರು ಬಿದ್ದ ಕೂಡಲೇ ಕೊತಕೊತ ಕುದ್ದು ಅರಳಬೇಕು. ಆ ಹೊತ್ತಿಗೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಕಣ್ಣಿಗೆ ಹಾರಿದರೆ ಉಜ್ಜದೆ ನೀರಿನಲ್ಲಿ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಓಡಬೇಕು. ಬರೀ ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ನಾಲ್ಕು ಇಂಚು ಒಳಗೆ ಗಾಳಿ ಹೋಗಲು ತಿಂಗಳುಗಟ್ಟಲೆ ಬೇಕು. ಅದಕ್ಕೆ ಕಾಲುಭಾಗ ಇಟ್ಟಿಗೆ ಪುಡಿ ಬೆರೆಸಿ, ಹಳೇ ಮೇಸ್ತ್ರಿಗಳು ಸುರ್ಕಿ ಅನ್ನುತ್ತಿದ್ದದ್ದು. ಅದು ಸಿಗದಿದ್ದರೆ ಶಕ್ತಿನಗರದ ಅಥವಾ ಕುಡತಿನಿಯ ವಿದ್ಯುತ್ ಸ್ಥಾವರದ ಹಾರುಬೂದಿ, ಅಥವಾ ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಪುಡಿ. ನಮ್ಮ ಮೂರೂ ಜಿಲ್ಲೆಯ ಸುತ್ತಮುತ್ತ ಇವು ಸಿಗುತ್ತವೆ, ಅದು ನಮ್ಮ ಅದೃಷ್ಟ. ಸಿಮೆಂಟ್ ಮಾತ್ರ ಬೇಡ. ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಬೆಂಡು ಕೊಳೆಯುತ್ತದೆ.

ಅಳತೆ: ನಾಲ್ಕು ಬುಟ್ಟಿ ಬೆಂಡಿಗೆ ಒಂದು ಬುಟ್ಟಿ ಸುಣ್ಣದ ಮಿಶ್ರಣ, ಒಂದು ಬುಟ್ಟಿ ನೀರು. ಮೊದಲು ಸುಣ್ಣ ನೀರು ಕಲಸಿ ತೆಳು ಗಂಜಿ ಮಾಡಿ, ಅದರ ಮೇಲೆ ಬೆಂಡು ಹಾಕಿ ಮಗುಚಿ. ಪ್ರತಿ ಚೂರಿಗೂ ಬಿಳಿ ಹತ್ತಬೇಕು. ಉದುರು ಉದುರಾಗಿ ಉಪ್ಪಿಟ್ಟಿನ ಹದಕ್ಕೆ ಬರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಹನಿಯಬಾರದು.

ಗೋಡೆಗೆ ಎರಡು ಅಡಿಗೊಂದರಂತೆ ನಿಲುವು ರೀಪರ್ (ಮರದ ಪಟ್ಟಿ) ಹೊಡೆಯಿರಿ, ಅದರ ಮೇಲೆ ಹಲಗೆ ಕಟ್ಟಿ ನಡುವೆ ನಾಲ್ಕು ಇಂಚು ಜಾಗ ಬಿಡಿ. ಗೇಣು ಗೇಣಾಗಿ ತುಂಬಿ, ಅಂಚಿನಲ್ಲಿ ಮಾತ್ರ ಕೋಲಿನಿಂದ ಹಗುರವಾಗಿ ಒತ್ತಿ. ಕಾಂಕ್ರೀಟಿನ ತರಹ ದಮ್ಮಸು ಮಾಡಿದರೆ ಗಾಳಿಯೆಲ್ಲ ಹೋಗಿ ಕೆಲಸವೇ ವ್ಯರ್ಥ. ಮರುದಿನ ಹಲಗೆ ಮೇಲಕ್ಕೆ ಸರಿಸಿ ಮುಂದಿನ ಸಾಲು. ನೆಲದಿಂದ ಎರಡು ಅಡಿ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲಿಂದ ಶುರು ಮಾಡಿ. ಮಳೆ ನೀರು ನೆಲಕ್ಕೆ ಬಿದ್ದು ಸಿಡಿಯುವುದು, ಗೆದ್ದಲು ಏರುವುದು, ಎರಡಕ್ಕೂ ಅದೇ ತಡೆ. ಮೇಲೆ ಎರಡು ಅಡಿ ಚಾಚಿದ ಸಜ್ಜಾ ಇರಲೇಬೇಕು.

ನಿಮ್ಮ ಗೋಡೆಗೆ ಕೆಳಗಿನ ಎರಡು ಅಡಿ ಕಟ್ಟೆ ಬಿಟ್ಟು ಲೆಕ್ಕ ಹಾಕಿದರೆ ಮೂವತ್ತೆರಡು ಘನ ಅಡಿ ಆಯಿತು. ಒಣ ಬೆಂಡು ಸುಮಾರು 100 ಕೆಜಿ, ಸುಣ್ಣ ಮತ್ತು ಪುಡಿ ಸೇರಿ ಅದರ ಎರಡರಷ್ಟು. ಬದುವಿನ ಪುಂಡಿಯಲ್ಲಿ ಅಷ್ಟು ಸಿಗಬಹುದು, ಸಾಲದಿದ್ದರೆ ಸೆಣಬಿನ ಕಟ್ಟಿಗೆ ಸೇರಿಸಿ.

ನವೆಂಬರಿನಿಂದ ಜನವರಿ ಒಳಗೆ ಮುಗಿಸಿ. ಮಾರ್ಚ್ ಆಮೇಲಿನ ಬಿಸಿಗಾಳಿಗೆ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಪುಡಿ ಉದುರುತ್ತದೆ. ಮೊದಲ ವಾರ ಒದ್ದೆ ಗೋಣಿಚೀಲ ಇಳಿಬಿಡಿ, ಆಮೇಲೆ ತೆಗೆದು ಆರಲು ಬಿಡಿ. ಒಂದೂವರೆ ಎರಡು ತಿಂಗಳಾದ ಮೇಲೆ, ಒಳಗಿನ ತೇವ ಹೋದ ಮೇಲೆ ಸುಣ್ಣದ ಗಿಲಾವು, ಅದರ ಮೇಲೆ ಬೆಳ್ಳಗೆ ಸುಣ್ಣ. ಎಣ್ಣೆ ಪೇಂಟು, ಪ್ಲಾಸ್ಟಿಕ್ ಪೇಂಟು ಬಳಿದರೆ ಗೋಡೆಯ ಉಸಿರು ಕಟ್ಟುತ್ತದೆ.

ಎರೆಹೊಲ ಮಸ್ಕಿ:

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಬಹಳ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ್ದು: ನಮ್ಮಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ರಾಶಿ ಬೀಳುತ್ತದೆ, ಅದು ಆಗಲ್ವಾ? ಇನ್ನೊಂದು, ಸುಣ್ಣಕ್ಕೆ ದುಡ್ಡು ಸಾಲದಿದ್ದರೆ ಮಣ್ಣಿನಲ್ಲೇ ಮಾಡಬಹುದಾ?

ಹಗ್ಗದ ಮನೆ, ಮಾನ್ವಿ:

ಹತ್ತಿ ಕಟ್ಟಿಗೆ ಮನೆ ಹತ್ತಿರ ಒಟ್ಟಿ ಇಡಲೇಬೇಡಿ. ಗುಲಾಬಿ ಕಾಯಿಕೊರಕ ಅದರಲ್ಲೇ ಕೂತು ಮುಂದಿನ ಬೆಳೆಗೆ ಬರುತ್ತದೆ. ಕೊನೆ ಬಿಡಿಸಿದ ಕೂಡಲೇ ಹೊಲದಲ್ಲೇ ಚೂರು ಮಾಡಿ ಮಣ್ಣಿಗೆ ಸೇರಿಸುವುದು ಒಳ್ಳೆಯದು.

ಗಾರೆ ಕೆಲಸ, ಕೊಪ್ಪಳ:

ಹತ್ತಿ, ತೊಗರಿ ಎರಡೂ ಗಟ್ಟಿ ಕಟ್ಟಿಗೆ, ಒಳಗೆ ಅಷ್ಟು ಬೆಂಡು ಇಲ್ಲ, ಬಿಸಿ ತಡೆಯಲ್ಲ. ತೊಗರಿ ಕಟ್ಟಿಗೆ ತಟ್ಟಿ ಹೆಣೆಯಲು ಮಾತ್ರ ಬಲು ಚಂದ. ಗೋಡೆಯಿಂದ ಒಂದು ಅಡಿ ಬಿಟ್ಟು ತಟ್ಟಿ ನಿಲ್ಲಿಸಿ ಅದರ ಮೇಲೆ ಹೀರೆ ಬಳ್ಳಿ ಹಬ್ಬಿಸಿದರೆ, ಈ ಬೇಸಿಗೆಗೆ ಅದೇ ಅರ್ಧ ಬಿಸಿಲು ತಡೆಯುತ್ತದೆ. ಸುಣ್ಣದ ಕೆಲಸ ಆರುವವರೆಗೂ ನೆರಳು ಬೇಕಲ್ಲ, ಹೇಗೂ ಉಪಯೋಗ.

ಮಣ್ಣಿನಲ್ಲಿ ಆಗುತ್ತದೆ, ಆದರೆ ನಿಮ್ಮ ಎರೆ ಮಣ್ಣು ಬೇಡ. ಒಣಗಿದರೆ ಬೆರಳು ಹೋಗುವಷ್ಟು ಬಿರಿಯುತ್ತದೆ. ಕೆಮ್ಮಣ್ಣು, ಮರಳು ತಂದು, ಪುಂಡಿ ನಾರಿನ ಒಂದು ಎರಡು ಇಂಚಿನ ತುಂಡು, ಭತ್ತದ ಹೊಟ್ಟು ಹಾಕಿ ನೀರು ಬಿಟ್ಟು ಒಂದು ವಾರ ಕೊಳೆಸಿ, ದಿನಾ ತುಳಿಯಿರಿ. ನಯವಾದ ಸಿಮೆಂಟ್ ಬ್ಲಾಕಿಗೆ ಅದು ಹಾಗೇ ಹಿಡಿಯಲ್ಲ, ಮೊದಲು ಗೋಡೆಗೆ ಕೋಳಿ ಬಲೆ ಹೊಡೆದು ಆಮೇಲೆ ಮೆತ್ತಬೇಕು. ಎರಡು ಇಂಚಿಗಿಂತ ದಪ್ಪ ಒಂದೇ ಸಲ ಬೇಡ. ಬಿಸಿ ತಡೆಯುವುದರಲ್ಲಿ ಬೆಂಡು ಸುಣ್ಣದಷ್ಟು ಇಲ್ಲ, ಬರೀ ಬ್ಲಾಕಿಗಿಂತ ಎಷ್ಟೋ ವಾಸಿ.

ತಾರಸಿ ತೋಟ, ಬಳ್ಳಾರಿ:

ಒಂದು ಸೇರಿಸುತ್ತೇನೆ. ಸುಣ್ಣ ಹತ್ತಿದ ಬೆಂಡು ಉಳಿದರೆ ಅದನ್ನು ತೋಟಕ್ಕೆ ಸುರಿಯಬೇಡಿ. ನಮ್ಮ ಎರೆ ಮಣ್ಣು ಮೊದಲೇ ಕ್ಷಾರ, ಇನ್ನೂ ಸುಣ್ಣ ಬಿದ್ದರೆ ಕಬ್ಬಿಣ, ಸತು ಗಿಡಕ್ಕೆ ಸಿಗಲ್ಲ, ಚಿಗುರು ಬೆಳ್ಳಗಾಗುತ್ತದೆ. ಕಲಸುವ ಜಾಗ ತೋಟದಿಂದ ದೂರ ಇರಲಿ, ಬುಟ್ಟಿ ತೊಳೆದ ನೀರೂ ಅಷ್ಟೇ. ಮತ್ತೆ ಒಂದಿಷ್ಟು ಪುಂಡಿ ಗಿಡ ಕೊಯ್ಯದೆ ಬೀಜಕ್ಕೆ ಬಿಟ್ಟಿದ್ದೀರಿ ತಾನೆ? ಮುಂದಿನ ಮುಂಗಾರಿಗೆ ಅವ್ವನಿಗೂ ಬೇಕಲ್ಲ.

ಎರೆಹೊಲ ಮಸ್ಕಿ:

ಬಿಟ್ಟಿದ್ದೇವೆ ಅಕ್ಕಾ, ಬಾವಿ ಕಡೆಯ ಒಂದು ಸಾಲು ಪೂರಾ. ನಾಳೆಯಿಂದ ಕೊಯ್ಲು, ಗುಂಡಿ ತೋಡಿ ಆಗಿದೆ. ಕೊಪ್ಪಳದ ಅಣ್ಣಾ, ಸುಣ್ಣದ ಹರಳು ತಂದ ದಿನ ಫೋಟೋ ಹಾಕುತ್ತೇನೆ, ಸರಿಯಾದದ್ದೇ ಅಂತ ನೋಡಿ ಹೇಳಿ. ನೀವು ಹೇಳುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಲ್ಲ.